ಚಿಕ್ಕಿಗೂ ಓದಿ ಹೇಳು: ಡಬ್ಲಿನ್‌ನಿಂದ ಹಳೇ ಕ್ರೋಶಾ ಸುದ್ದಿ

ಪ್ರೀತಿಯ ಆಯಿಗೆ ನಮಸ್ಕಾರ,

ನಾವೆಲ್ಲ ಆರಾಮ. ಚಳಿ ಜಾಸ್ತಿ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅಡಿಕೆ ಕೊಯ್ಲು ಶುರುವಾಯಿತಾ? ಅಪ್ಪನಿಗೆ ತೋಟದಲ್ಲಿ ತಲೆಗೆ ಟೋಪಿ ಹಾಕಿಕೊಳ್ಳಲು ಹೇಳು.

ಸೀರೆ ಕುಚ್ಚಿಗೆ ಹೊಸ ಡಿಸೈನ್ ಕಳಿಸು ಅಂತ ಚಿಕ್ಕಿ ಕೇಳಿದ್ದಳಲ್ಲ, ನನಗೆ ಸಿಕ್ಕಿದ್ದು ನೂರು ವರ್ಷ ಹಳೆಯವು. ಇಲ್ಲಿನ ಲೈಬ್ರರಿಯಲ್ಲಿ ಹಳೇ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುವ ಪುಸ್ತಕಗಳಿವೆ. ಕಾಲರ್, ಕೈಗವಸು, ಮಕ್ಕಳ ಕುಲಾವಿ, ಅಂಚಿಗೆಲ್ಲ ಮಣಿ ಪೋಣಿಸಿದ ಹಾಲಿನ ಜಗ್ಗಿನ ಮುಚ್ಚಳ. ಮಣಿಯ ಭಾರಕ್ಕೆ ಮುಚ್ಚಳ ಹಾರುವುದಿಲ್ಲ, ನೊಣ ಕೂರುವುದಿಲ್ಲ. ನನಗೆ ಬಹಳ ಹಿಡಿಸಿದ್ದು ವಿಕ್ಟೋರಿಯಾ ರಾಣಿ ಕಾಲದ ದುಡ್ಡಿನ ಚೀಲ. ಉದ್ದನೆಯ ಕೊಳವೆ, ನಡುವೆ ಒಂದು ಸೀಳು, ಎರಡು ಉಂಗುರ. ಎರಡೂ ತುದಿಗೆ ನಾಣ್ಯ ತುಂಬಿ ಉಂಗುರ ಸರಿಸಿದರೆ ಬಾಯಿ ಬಂದ್. ಅಜ್ಜನ ಕವಳದ ಸಂಚಿಗೆ ಇಂಥದೊಂದು ಇದ್ದರೆ ಸುಣ್ಣ ಅಂಗಿಗೆ ಬಳಿಯುತ್ತಿರಲಿಲ್ಲ!

ಇನ್ನು ಐರಿಷ್ ಲೇಸ್. ಚಿಕ್ಕಿ ಗಮನವಿಟ್ಟು ಕೇಳಬೇಕಾದ್ದು ಇದೇ. 1845ರಲ್ಲಿ ಇಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಕಾಯಿಲೆಯಿಂದ ಸತ್ತರು. ಆಗ ಬಡ ಹೆಂಗಸರ ಕೈಗೆ ಬಂದ ಕೆಲಸ ಈ ಕ್ರೋಶಾ. ಕ್ಲೋನ್ಸ್ ಎಂಬ ಊರಿಗೆ 1847ರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಕಲಿಸುವವರನ್ನು ಕರೆಸಿದಳು. ಬೇಗ ಮಾಡಬಹುದು, ಬೇಕಾದದ್ದು ಒಂದು ಕಡ್ಡಿ, ಸ್ವಲ್ಪ ನೂಲು.

ಮಾಡುವ ರೀತಿ ನಮ್ಮದರಂತಲ್ಲ. ಗುಲಾಬಿ, ಎಲೆ, ದ್ರಾಕ್ಷಿ ಎಲ್ಲ ಬಿಡಿ ಬಿಡಿ. ಒಳಗೆ ದಪ್ಪ ದಾರ ಇಟ್ಟು ಅದರ ಮೇಲೆ ಹೆಣೆಯುತ್ತಾರೆ, ಹಾಗಾಗಿ ಎಸಳು ಉಬ್ಬಿ ನಿಲ್ಲುತ್ತದೆ. ಆಮೇಲೆ ಡಿಸೈನ್ ಬರೆದ ಬಟ್ಟೆಯ ಮೇಲೆ ಎಲ್ಲವನ್ನೂ ಬೋರಲು ಹಾಕಿ ಟಾಕು ಹೊಡೆದು, ನಡುವಿನ ಜಾಗಕ್ಕೆ ಚೈನಿನ ಬಲೆ ಹೆಣೆಯುತ್ತಾರೆ. ಟಾಕು ಬಿಚ್ಚಿದರೆ ಲೇಸ್ ಬಟ್ಟೆಯಿಂದ ಎದ್ದು ಬರುತ್ತದೆ. ಒಂದು ಮನೆಯವರು ಗುಲಾಬಿ ಮಾತ್ರ, ಇನ್ನೊಂದು ಮನೆಯವರು ಎಲೆ ಮಾತ್ರ ಮಾಡುತ್ತಿದ್ದರಂತೆ. ಜೋಡಿಸುವವರು ಬೇರೆ. ಚಿಕ್ಕಿಯ ಜೊತೆ ಕುಚ್ಚು ಕಟ್ಟಲು ಬರುವ ಹೆಂಗಸರಿಗೂ ಹೀಗೆ ಹಂಚಬಹುದಲ್ವಾ? ಎಲ್ಲರಿಗೂ ಎಲ್ಲ ಕಲಿಸುವ ತಾಪತ್ರಯ ಇಲ್ಲ.

ಇಡೀ ರವಿಕೆ, ಸ್ವೆಟರ್ ಮಾತ್ರ ಬೇಡವೇ ಬೇಡ. ಹಳೇ ಪುಸ್ತಕದಲ್ಲಿ ಹೆಚ್ಚಾಗಿ ಒಂದೇ ಅಳತೆ, ಅದೂ ಬಡಕಲು ಹುಡುಗಿಯರದ್ದು. ಅವರು ಹೇಳುವ ಎಷ್ಟೋ ನೂಲು ಈಗ ಸಿಗುವುದಿಲ್ಲ. ಕಾಲರ್, ಚೀಲ ಆದರೆ ಒಂದಿಂಚು ಆಚೆ ಈಚೆ ಆದರೂ ನಡೆಯುತ್ತದೆ.

ಕೆಲವು ಪುಟದ ಜೆರಾಕ್ಸ್ ಇದರ ಜೊತೆಗಿದೆ. ಎಲ್ಲ ಲಂಡನ್ನಿನಲ್ಲಿ ಛಾಪಿಸಿದ್ದು, ಹೆಣಿಗೆಯ ಹೆಸರುಗಳು ಚಿಕ್ಕಿ ಹೇಳುವುದಕ್ಕಿಂತ ಬೇರೆ. ಅದರಲ್ಲಿ ಡಬಲ್ ಅಂತ ಇದ್ದಲ್ಲಿ ಚಿಕ್ಕಿ ತನ್ನ ಸಿಂಗಲ್ ಹಾಕಲಿ, ಟ್ರೆಬಲ್ ಇದ್ದಲ್ಲಿ ಕಂಬ, ಅಂದರೆ ಅವಳ ಡಬಲ್. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ನೂಲಿನ ನಂಬರ್ ಹೆಚ್ಚಾದಷ್ಟೂ ಸಪೂರ, ಅದು ಅವಳಿಗೆ ಗೊತ್ತೇ ಇದೆ. ಮೊದಲಿಗೆ 20 ನಂಬರ್ ಸಾಕು.

ತಂಗಿಯ ಮದುವೆ ರವಿಕೆಯ ಬೆನ್ನಿಗೆ ಗುಲಾಬಿ ಕೂರಿಸೋಣ ಅಂತ ನನ್ನ ಆಸೆ. ಎಲೆಗಳನ್ನು ನಾನು ಇಲ್ಲಿಂದಲೇ ಮಾಡಿ ತರುತ್ತೇನೆ, ಹೂವು ಚಿಕ್ಕಿಯ ಪಾಲು. ಟೈಲರ್ ಹತ್ತಿರ ಕೇಳಿ ಬೆನ್ನಿನ ಕತ್ತಿನ ಅಳತೆ ಬೇಗ ಕಳಿಸಿ. ಮಾಡಿಟ್ಟದ್ದಕ್ಕೆ ಈಗಲೇ ಗಂಜಿ ಹಾಕಬೇಡಿ. ನಮ್ಮ ಶಿರಸಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ತೊಳೆದು ಒಣಗಿಸಿ, ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಗಂಜಿ ಏನಿದ್ದರೂ ಮದುವೆ ಹತ್ತಿರ ಬಂದಾಗ.

ಅಳತೆ ಇಂಚಿನಲ್ಲಿ ಬರೆಯಿರಿ.

ಇಂತಿ,
ನಿನ್ನ ಮಗಳು