ಇಲ್ಲದ ಹಕ್ಕಿಯನ್ನು ತೋರಿಸುವುದಾಗಿ ಹಣ ಪಡೆದ ಬಗ್ಗೆ ದೂರು

ಗೆ,
ಪ್ರಧಾನ ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ
(ಚಿಕ್ಕಮಗಳೂರು ಶಾಖೆಯ ಮೂಲಕ)

ಮಾನ್ಯರೇ,

ವಿಷಯ: ಪೆಸಿಫಿಕ್ ಸಾಗರದಲ್ಲಿರುವ ಈಕ್ವೆಡಾರ್ ದೇಶದ ಗ್ಯಾಲಪಗೋಸ್ ದ್ವೀಪಗಳ ಹಡಗು ಪ್ರವಾಸದಲ್ಲಿ ಸೇವಾ ನ್ಯೂನತೆ ಮತ್ತು ನಿಮ್ಮ ಶಾಖೆಯಲ್ಲಿ ನಮಗಾದ ಅವಮಾನ.

ದೂರವಾಣಿಯಲ್ಲಿ ವಿನಯದಿಂದ ಕೇಳಿದ್ದಾಯಿತು, ಇಮೇಲ್ ಕಳುಹಿಸಿದ್ದಾಯಿತು, ಕೊನೆಗೆ ಪತ್ನಿಯೊಡನೆ ನಿಮ್ಮ ಶಾಖೆಗೆ ಬಂದು ಕುಳಿತದ್ದೂ ಆಯಿತು. ಅಲ್ಲಿ ನಡೆದದ್ದರ ನಂತರ ಈ ಪತ್ರ ಬರೆಯದೆ ಬೇರೆ ದಾರಿ ಉಳಿದಿಲ್ಲ. ಸಂಯಮ ಮೀರದೆ ಬರೆಯಲು ಪ್ರಯತ್ನಿಸುತ್ತೇನೆ.

ನಮಗೆ ತಿಂಗಳು ಆರಿಸಿಕೊಟ್ಟವರು ನೀವೇ. ಏಪ್ರಿಲ್‌ನಲ್ಲಿ ಹೋದರೆ ಹೇಗೆ ಎಂದು ನಾನು ಕೇಳಿದ್ದೆ. ಬೇಡ, ಫೆಬ್ರುವರಿಯಲ್ಲಿ ಕಡಲು ಶಾಂತ, ನೀರು ಬೆಚ್ಚಗಿರುತ್ತದೆ, ನಿಮ್ಮ ತೋಟದ ಅರೇಬಿಕಾ ಕಾಫಿಯ ಕೊಯ್ಲೂ ಮುಗಿದಿರುತ್ತದೆ ಎಂದು ನಿಮ್ಮವರೇ ಒಪ್ಪಿಸಿದರು. ಕಡಲು ಶಾಂತವಾಗಿಯೇ ಇತ್ತು; ಆ ಮಟ್ಟಿಗೆ ದೂರಿಲ್ಲ.

ನೀವು ಕೊಟ್ಟ ಬಣ್ಣದ ಕೈಪಿಡಿಯಲ್ಲಿ ಎರಡು ಭರವಸೆಗಳಿದ್ದವು. ಎಸ್ಪಾನ್ಯೋಲಾ ದ್ವೀಪದಲ್ಲಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಜೋಡಿಗಳ ಪ್ರಣಯ ನೃತ್ಯ ಒಂದು. ಫರ್ನಾಂಡಿನಾ ದ್ವೀಪದ ಲಾವಾ ಬಂಡೆಗಳ ಮೇಲೆ ಹಾರಲಾರದ ನೀರುಕಾಗೆ ಇನ್ನೊಂದು. ನನ್ನ ಪತ್ನಿ ಮೂಡಿಗೆರೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. 1835ರಲ್ಲಿ ಡಾರ್ವಿನ್ ಕಾಲಿಟ್ಟ ದ್ವೀಪಗಳ ಬಗ್ಗೆ ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವರು. ಅಟ್ಟಿಸಿಕೊಂಡು ಬರುವ ಶತ್ರುಗಳಿಲ್ಲದ ದಡದಲ್ಲಿ, ನೀರಿಗೆ ಮುಳುಗಿ ಮೀನು ಹಿಡಿಯುತ್ತಲೇ ರೆಕ್ಕೆ ಕುಗ್ಗಿಸಿಕೊಂಡ ಆ ನೀರುಕಾಗೆಯನ್ನು ಕಣ್ಣಾರೆ ನೋಡಬೇಕೆಂದೇ ಅವರು ನಿವೃತ್ತಿಯ ಹಣಕ್ಕೆ ಕೈ ಹಾಕಿದರು. ಅದು ಇರುವುದು ಫರ್ನಾಂಡಿನಾದಲ್ಲಿ ಮತ್ತು ಪಕ್ಕದ ಇಸಬೆಲಾ ದ್ವೀಪದ ಉತ್ತರ, ಪಶ್ಚಿಮ ದಡಗಳಲ್ಲಿ ಮಾತ್ರ. ನಮ್ಮ ಹಡಗು ಪಶ್ಚಿಮದ ಕಡೆ ಮುಖವನ್ನೇ ಹಾಕಲಿಲ್ಲ. ಪೂರ್ವದ ದ್ವೀಪಗಳನ್ನು ಸುತ್ತಿ ತಂದು ಇಳಿಸಿತು.

ಇನ್ನು ಆಲ್ಬಟ್ರಾಸ್. ಈ ಜಾತಿಯ ಬಹುತೇಕ ಎಲ್ಲ ಹಕ್ಕಿಗಳೂ ಮರಿ ಮಾಡುವುದು ಎಸ್ಪಾನ್ಯೋಲಾ ಒಂದರಲ್ಲೇ. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವು ದ್ವೀಪ ಬಿಟ್ಟು ಕಡಲಿಗೆ ಹೋಗುತ್ತವೆ, ಮಾರ್ಚ್ ಕೊನೆಗೆ ಮರಳಲು ಆರಂಭಿಸುತ್ತವೆ. ಇದನ್ನು ವರ್ಷವರ್ಷವೂ ಜನರನ್ನು ಅಲ್ಲಿಗೆ ಕರೆದೊಯ್ಯುವ ನಿಮಗೆ ನಾನು ಹೇಳಬೇಕಾಗಿಲ್ಲ. ಹಡಗಿನ ಮಾರ್ಗದರ್ಶಿ ಸಜ್ಜನ. ಖಾಲಿ ಬಯಲನ್ನು ತೋರಿಸಿ, "ಏಪ್ರಿಲ್‌ನಲ್ಲಿ ಬಂದಿದ್ದರೆ ಕಾಲಿಡಲು ಜಾಗ ಹುಡುಕಬೇಕಿತ್ತು" ಎಂದರು. ನೀಲಿಗಾಲಿನ ಬೂಬಿ ಎಂಬ ಕಡಲಹಕ್ಕಿ, ಕಡಲ ಇಗ್ವಾನಾ ಎಂಬ ದೊಡ್ಡ ಓತಿ, ದೈತ್ಯ ಆಮೆ ಎಲ್ಲವನ್ನೂ ತಾಳ್ಮೆಯಿಂದ ತೋರಿಸಿದರು. ಅವರ ಮೇಲೆ ನಮ್ಮ ಆಕ್ಷೇಪವಿಲ್ಲ.

ದ್ವೀಪಗಳಿಗೆ ಬಂದಿಳಿಯುವ ಬಾಲ್ಟ್ರಾ ವಿಮಾನ ನಿಲ್ದಾಣದ ವಿಷಯವನ್ನೂ ಸೇರಿಸಿಬಿಡುತ್ತೇನೆ. ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ 200 ಡಾಲರ್. ನಿಮ್ಮ ಕೈಪಿಡಿಯಲ್ಲಿ ಇನ್ನೂ 100 ಎಂದೇ ಇದೆ. ನಗದು ಸಾಲದೆ, ಮುಖಪರಿಚಯವೂ ಇಲ್ಲದ ಸಹಪ್ರಯಾಣಿಕರ ಬಳಿ ಕೈಚಾಚಬೇಕಾಯಿತು.

ದೂರಿಗೆ ನೀವು ಕೊಟ್ಟ ಉತ್ತರಗಳು ಇನ್ನೂ ಸೊಗಸು. ಒಮ್ಮೆ, ಹವಾಮಾನ ಕೆಟ್ಟು ಕ್ಯಾಪ್ಟನ್ ಮಾರ್ಗ ಬದಲಿಸಿದರು ಎಂದಿರಿ. ಇನ್ನೊಮ್ಮೆ, ಫರ್ನಾಂಡಿನಾದ ಜ್ವಾಲಾಮುಖಿ ಸಿಡಿಯಿತು ಎಂದಿರಿ. ಅದು ಸಿಡಿದದ್ದು 2024ರ ಮಾರ್ಚ್‌ನಲ್ಲಿ. ನಾವು ಟಿಕೆಟ್ ಕೊಳ್ಳುವುದಕ್ಕೂ ಬಹಳ ಮೊದಲು. ಅಲ್ಲಿನ ಹಡಗುಗಳ ಮಾರ್ಗವನ್ನು ಉದ್ಯಾನದ ಆಡಳಿತ ಮೊದಲೇ ನಿಗದಿಪಡಿಸುತ್ತದೆ. ಕ್ಯಾಪ್ಟನ್ ಮನಸ್ಸು ಬಂದ ಕಡೆ ತಿರುಗಿಸುವಂತಿಲ್ಲ. ನಾವು ಹಡಗು ಹತ್ತಿದಾಗಲೇ ಕೈಗೆ ಬಂದ ಮುದ್ರಿತ ವೇಳಾಪಟ್ಟಿಯಲ್ಲಿ ಫರ್ನಾಂಡಿನಾದ ಹೆಸರಿರಲಿಲ್ಲ. ಅಂದರೆ ಪೂರ್ವದ ಹಡಗಿಗೆ ಪಶ್ಚಿಮದ ಕೈಪಿಡಿ ತೋರಿಸಿ ಮಾರಿದ್ದೀರಿ.

ಈಗ ಶಾಖೆಯಲ್ಲಿ ನಡೆದದ್ದು. ನಮ್ಮನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಬಹಳ ಹೊತ್ತು ಕೂರಿಸಲಾಯಿತು. ನಮ್ಮ ನಂತರ ಬಂದ, ಮಾಲ್ಡೀವ್ಸ್‌ಗೆ ಹೊರಟಿದ್ದ ಹೊಸ ಜೋಡಿಗೆ ಕಾಫಿ ಬಂತು. ಕಾಫಿ ಬೆಳೆಯುವ ನಮಗೆ ನೀರೂ ಬರಲಿಲ್ಲ. ಕೊನೆಗೆ ನಿಮ್ಮ ಯುವ ಅಧಿಕಾರಿ ಕರೆದರು. ನನ್ನ ಪತ್ನಿ ಕೈಪಿಡಿಯ ಪುಟ ತೆರೆದು ಹಕ್ಕಿಯ ಚಿತ್ರದ ಮೇಲೆ ಬೆರಳಿಟ್ಟು ವಿವರಿಸಿದರು. ಅಧಿಕಾರಿ ಕೈಪಿಡಿ ನೋಡಲಿಲ್ಲ. ಮೊಬೈಲ್‌ನಲ್ಲಿ ಏನನ್ನೋ ಹುಡುಕಿ ನಮ್ಮ ಕಡೆ ತಿರುಗಿಸಿ, "ಇದೇ ತಾನೇ ಆಂಟಿ?" ಎಂದರು. ಅದು ನೀಲಿಗಾಲಿನ ಬೂಬಿ. ಅಲ್ಲ ಎಂದರು ಪತ್ನಿ. ಮತ್ತೆ ಹುಡುಕಿ, "ಹಾಗಾದರೆ ಇದು?" ಎಂದರು. ಅದು ಪೆಂಗ್ವಿನ್. ಪಕ್ಕದ ಮೇಜಿನ ಜೋಡಿ ನಕ್ಕಿತು. ಆಗ ಅಧಿಕಾರಿಗೆ ಹುರುಪು ಬಂತು: "ಸರ್, ಭದ್ರಾ ಅಭಯಾರಣ್ಯದಲ್ಲಿ ಹುಲಿ ಕಾಣಿಸದಿದ್ದರೆ ಅರಣ್ಯ ಇಲಾಖೆ ಸಫಾರಿ ಹಣ ವಾಪಸ್ ಕೊಡುತ್ತದೆಯೇ?" ಭದ್ರಾದಲ್ಲಿ ಹುಲಿ ಇದೆ, ಫೆಬ್ರುವರಿಯ ಎಸ್ಪಾನ್ಯೋಲಾದಲ್ಲಿ ಆಲ್ಬಟ್ರಾಸ್ ಇಲ್ಲ, ನೀವು ಮಾಡಿದ್ದು ನವೆಂಬರ್‌ನಲ್ಲಿ ಕಾಫಿ ಹೂವು ತೋರಿಸುತ್ತೇನೆಂದು ಟಿಕೆಟ್ ಮಾರಿದ ಹಾಗೆ ಎಂದೆ. ಅವರು ನನ್ನನ್ನು ಬಿಟ್ಟು ಪತ್ನಿಯ ಕಡೆ ತಿರುಗಿ, ಚಿಕ್ಕ ಮಕ್ಕಳಿಗೆ ಹೇಳುವ ರಾಗದಲ್ಲಿ, "ಆಂಟಿ, ದೊಡ್ಡ ದೊಡ್ಡ ಆಮೆ ನೋಡಿದಿರಲ್ಲ, ಸಾಲದೇ? ಈ ವಯಸ್ಸಿನಲ್ಲಿ ಹಕ್ಕಿಗಾಗಿ ಯಾಕೆ ಜಗಳ?" ಎಂದು, ಮುಂದಿನ ಪ್ರವಾಸಕ್ಕೆ ಐದು ಸಾವಿರ ರೂಪಾಯಿಯ ರಿಯಾಯಿತಿ ಕೂಪನ್ ಮುಂದೆ ತಳ್ಳಿದರು.

ಗ್ಯಾಲಪಗೋಸ್‌ನಲ್ಲಿ ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕೆಂಬ ನಿಯಮವಿದೆ, ಅವುಗಳಿಗೆ ಕಿರಿಕಿರಿಯಾಗಬಾರದೆಂದು. ನಿಮ್ಮ ಗ್ರಾಹಕರನ್ನೂ ಆ ಪಟ್ಟಿಗೆ ಸೇರಿಸುವಂತೆ ಯಾರಾದರೂ ಕೇಳಿಕೊಳ್ಳಬೇಕು.

ಇಬ್ಬರ ಪ್ರವಾಸ ವೆಚ್ಚದ ಅರ್ಧವನ್ನು ಹಿಂತಿರುಗಿಸಬೇಕು. ನನ್ನ ಪತ್ನಿಯ ಹೆಸರಿಗೆ ಲಿಖಿತ ಕ್ಷಮಾಪಣೆ ಬರಬೇಕು. ಅದರಲ್ಲಿ "ಆಂಟಿ" ಎಂಬ ಸಂಬೋಧನೆ ಇರಬಾರದು. 15 ದಿನಗಳಲ್ಲಿ ಇದಾಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ರಸೀದಿಯ ಹಿಂಬದಿಯಲ್ಲಿ ವ್ಯಾಜ್ಯವೆಲ್ಲ ಮುಂಬೈಯಲ್ಲೇ ಎಂದು ಅಚ್ಚು ಹಾಕಿಸಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದನ್ನು ನಿಮ್ಮ ವಕೀಲರು ತಿಳಿಸಿಯಾರು. ಮುಂಬೈಯಿಂದ ಘಾಟಿ ಹತ್ತಿ ಬರಲು ಸಿದ್ಧರಾಗಿ. ದಾರಿಯಲ್ಲಿ ತಿರುವುಗಳು ಬಹಳ, ಆದರೆ ಮಾರ್ಗ ಬದಲಾಗುವುದಿಲ್ಲ.

ಹಣ ಕೊಟ್ಟರೂ ಕೊಡದಿದ್ದರೂ ಇನ್ನೊಂದು ಕೆಲಸವನ್ನಂತೂ ಮಾಡುವವನಿದ್ದೇನೆ. ಕೊಯ್ಲು ಮುಗಿದ ಮೇಲೆ ಪ್ರವಾಸ ಹೊರಡುವ ಬೆಳೆಗಾರರೇ ಈ ಶಾಖೆಯ ಅನ್ನ ಎಂಬುದು ನನಗೆ ಗೊತ್ತು. ನಮ್ಮ ಬೆಳೆಗಾರರ ಸಂಘದ ಮುಂದಿನ ಸಭೆಯಲ್ಲಿ ನಿಮ್ಮ ಕೈಪಿಡಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಂಬಿಸುವ ಏರ್ಪಾಡಾಗಿದೆ. ಯಾವ ಹಕ್ಕಿ ಯಾವ ತಿಂಗಳಲ್ಲಿ ಎಲ್ಲಿರುತ್ತದೆ ಎಂದು ನನ್ನ ಪತ್ನಿ ಪಾಠ ಮಾಡಲು ಒಪ್ಪಿದ್ದಾರೆ. ನಿಮ್ಮ ಯುವ ಅಧಿಕಾರಿ ಬಂದರೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇವೆ, ನೀರನ್ನೂ ಕೊಡುತ್ತೇವೆ.

ಇಂತಿ,
ನಿಮ್ಮ ಮಾಜಿ ಗ್ರಾಹಕ,
ಮೂಡಿಗೆರೆ ತಾಲ್ಲೂಕು

ಲಗತ್ತುಗಳು: ಕೈಪಿಡಿಯ ನಕಲು, ಹಡಗಿನ ವೇಳಾಪಟ್ಟಿಯ ನಕಲು, ರಸೀದಿಗಳು, ರಿಯಾಯಿತಿ ಕೂಪನ್ (ಹರಿದದ್ದು).