ಹುತ್ತರಿಯ ಗಳಿಗೆ, ಜಮ್ಮದ ಆಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಗಳಿಗೆ ಕಕ್ಕಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ನಿಶ್ಚಯವಾಗುತ್ತದೆ. ಅದಕ್ಕೆ ಮೊದಲು ಕದಿರು ಕೊಯ್ದರೆ ತಪ್ಪು. ನಾಡೆಲ್ಲ ಕೂಡಿ ಗಳಿಗೆ ಬದಲಿಸಿದರೆ ಆ ತಪ್ಪೂ ಜಾಗ ಬದಲಿಸುತ್ತದೆ. ಸರಿ-ತಪ್ಪೆಲ್ಲ ಹೀಗೆಯೇ, ಜನ ಬೆಲೆ ಕೊಟ್ಟಷ್ಟೇ ಎನ್ನುತ್ತೀಯ. ನಾನು ಒಪ್ಪಲಾರೆ. ಕಾರಣವೂ ಕೊಡಗಿನದ್ದೇ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಜಮ್ಮ ಗದ್ದೆಯೊಂದಿಗೆ, ಎಂದರೆ ವಂಶಪಾರಂಪರ್ಯವಾಗಿ ಬಂದ ಗದ್ದೆಯೊಂದಿಗೆ, ಆಳುಗಳೂ ಒಡೆಯರ ಸ್ವತ್ತಾಗಿದ್ದರು. ಗುಲಾಮರ ಮೇಲಿನ ಒಡೆತನವನ್ನು ಕೋರ್ಟುಗಳು ಎತ್ತಿಹಿಡಿಯಬಾರದು ಎಂದದ್ದು 1843ರ 5ನೇ ಕಾಯಿದೆ. ಜೀತವನ್ನು ರದ್ದುಮಾಡಿದ ಕಾಯಿದೆ ಬಂದದ್ದು 1976ರಲ್ಲಿ. ಈಗ ಹೇಳು, ಮನುಷ್ಯನನ್ನು ಗದ್ದೆಯ ಜೊತೆ ಎಣಿಸುವುದು 1842ರಲ್ಲಿ ತಪ್ಪಾಗಿರಲಿಲ್ಲವೇ? ಅಂದಿನವರ ಮೌಲ್ಯವೇ ಅಳತೆಯಾದರೆ, ಯಾರ ಮೌಲ್ಯ? ಒಡೆಯನದೋ, ಆಳಿನದೋ? ಆಳಿನದೂ ಲೆಕ್ಕಕ್ಕೆ ಬರಬೇಕು ಎಂದೆಯಾದರೆ, ಆ 'ಬೇಕು' ಅಂದಿನ ಮಾತು ನಡೆಸುವವರು ಕೊಟ್ಟದ್ದಲ್ಲ. ಇಂದಿನ ನಮ್ಮ ಮೌಲ್ಯದಿಂದ ಅಳೆಯುತ್ತೇವೆ ಎನ್ನಬಹುದು. ಜಾಣ ಉತ್ತರವೇ. ಆದರೆ ಆಗ ಗುಲಾಮಗಿರಿ ಹೋದದ್ದು ಬರಿಯ ಬದಲಾವಣೆ ಆಗುತ್ತದೆ, ತಿದ್ದಿಕೊಂಡದ್ದು ಆಗುವುದಿಲ್ಲ. ಆ ಬೆಲೆ ತೆರಲು ನಾನು ಸಿದ್ಧನಿಲ್ಲ.

ಜನರಲ್ಲಿ ಭಿನ್ನಾಭಿಪ್ರಾಯವಿದೆ, ಹಾಗಾಗಿ ಸತ್ಯವಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಎಷ್ಟೋ ಜನ ನಂಬಿದ್ದರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಅದರ ಪರಾವಲಂಬಿಯನ್ನು ಕಂಡರು. ಸೊಳ್ಳೆ ನಮ್ಮ ಒಪ್ಪಿಗೆಗೆ ಕಾದಿರಲಿಲ್ಲ. ನೋವಿಗೆ ಮನಸ್ಸು ಬೇಕು, ಹಾಗಾಗಿ ನೀತಿಯೂ ಮನಸ್ಸಿನ ಮಾತು ಎಂಬುದು ಇನ್ನೊಂದು ಎಡವಟ್ಟು. ನೋವು ಮನಸ್ಸಿನಲ್ಲಿ ಇದೆ, ನಿಜ. ಆದರೆ ವಿನಾಕಾರಣ ನೋಯಿಸುವುದು ತಪ್ಪೋ ಅಲ್ಲವೋ ಎಂಬುದು ನೋಯಿಸುವವನ ಮೆಚ್ಚುಗೆಯ ಮೇಲೆ ನಿಲ್ಲುವುದಿಲ್ಲ.

'ಇದೆ' ಎಂಬುದರಿಂದ 'ಇರಬೇಕು' ಹುಟ್ಟದು ಎಂದು ತತ್ವಜ್ಞಾನಿ ಹ್ಯೂಮ್‌ನನ್ನು ನೀನು ಮುಂದಿಡುತ್ತೀಯ. ಆ ಕತ್ತಿಗೆ ಎರಡೂ ಕಡೆ ಬಾಯಿ. 'ಜನ ಇದಕ್ಕೆ ಬೆಲೆ ಕೊಡುತ್ತಾರೆ' ಎಂಬುದೂ ಒಂದು 'ಇದೆ' ತಾನೆ? ಅದರಿಂದಲೂ 'ಸರಿ' ಹುಟ್ಟಬಾರದು. 1903ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಮೂರ್ ಕೇಳಿದ ಪ್ರಶ್ನೆ ಇದಕ್ಕೂ ಸಲ್ಲುತ್ತದೆ: ಜನ ಮೆಚ್ಚಿದ್ದಾರೆ ಸರಿ, ಅದು ಒಳ್ಳೆಯದೇ?

ತತ್ವಜ್ಞಾನಿ ಮ್ಯಾಕಿ 1977ರಲ್ಲಿ ಎತ್ತಿದ ಆಕ್ಷೇಪ ಗಟ್ಟಿ: ತಾನಾಗಿಯೇ 'ಮಾಡು' ಎನ್ನುವಂಥ ವಸ್ತು ಲೋಕದಲ್ಲಿ ಇದ್ದರೆ ಅದು ತೀರ ವಿಚಿತ್ರ. ಸಾಕ್ಷಿಯನ್ನು ನಂಬಬೇಕು ಎಂಬ 'ಬೇಕು' ಕೂಡ ಅಷ್ಟೇ ವಿಚಿತ್ರ, ಅದನ್ನು ಯಾರೂ ಬಿಡುವುದಿಲ್ಲ ಎಂಬುದು ನನ್ನ ಉತ್ತರ. ನನ್ನನ್ನು ನಿಜಕ್ಕೂ ಕಾಡುವುದು ಅಮೆರಿಕದ ತತ್ವಜ್ಞಾನಿ ಶರನ್ ಸ್ಟ್ರೀಟ್ 2006ರಲ್ಲಿ ಇಟ್ಟ ವಾದ. ನಮ್ಮ ಮೌಲ್ಯಗಳನ್ನು ರೂಪಿಸಿದ್ದು ಜೀವವಿಕಾಸ, ಅದಕ್ಕೆ ಬೇಕಿದ್ದದ್ದು ಸಂತತಿ, ಸತ್ಯವಲ್ಲ. ನೀತಿಯ ಸತ್ಯ ನಮಗೆ ದಕ್ಕಿದ್ದರೆ ಅದು ಕಾಕತಾಳೀಯವಲ್ಲವೇ? ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಮುಂದಿನ ಕಾಗದದಲ್ಲಿ ಅಲ್ಲಿಂದಲೇ ಶುರುಮಾಡು.

ನಿನ್ನ ಗೆಳೆಯ