ಕಂತು ತಪ್ಪಿಸಬೇಡ, ಪುಳ್ಳಿ

ಬದಿಯಡ್ಕ

ಪ್ರೀತಿಯ ಪುಳ್ಳಿಗೆ ಅಜ್ಜನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು, ‘ನನ್ನ ವಿಮಾ ಕಂಪನಿಯ ಸಾಲ್ವೆನ್ಸಿ, ಅಂದರೆ ಹೊಣೆ ತೀರಿಸುವ ಶಕ್ತಿ, ಇಳಿದಿದೆಯಂತೆ, ಈ ಸಲದ ಕಂತು ಕಟ್ಟುವುದಿಲ್ಲ’ ಎಂದೆ. ಅಷ್ಟರಲ್ಲಿ ಮಳೆಗೆ ಲೈನ್ ಹೋಯಿತು. ಆಗ ಹೇಳಲಾಗದೆ ಉಳಿದದ್ದು ಇಷ್ಟೇ: ಕಟ್ಟು.

ನಿನ್ನ ಮುತ್ತಜ್ಜನಿಗೆ ಒಂದು ಖಾಸಗಿ ಕಂಪನಿಯ ಪಾಲಿಸಿ ಇತ್ತು. 1956ರ ಸೆಪ್ಟೆಂಬರ್ 1ಕ್ಕೆ ಅಂತಹ 245 ಸಂಸ್ಥೆಗಳ ವ್ಯವಹಾರವೆಲ್ಲ ಎಲ್ಐಸಿಯ ಪಾಲಾಯಿತು. ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಮದ್ರಾಸಿನಿಂದ ಕೇರಳಕ್ಕೆ ಹೋಯಿತು. ಎರಡೇ ತಿಂಗಳಲ್ಲಿ ಅವರ ಕಂಪನಿಯೂ ಬದಲಾಯಿತು, ರಾಜ್ಯವೂ ಬದಲಾಯಿತು. ಅವರು ಮಾತ್ರ ಅದೇ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ರಾಜ್ಯದ ಸಂಕಟ ಇನ್ನೂ ಮುಗಿದಿಲ್ಲ, ಅದು ಬೇರೆ ಕಥೆ. ಪಾಲಿಸಿಯ ಹಣ ಅವಧಿ ಮುಗಿದಾಗ ಕೈಗೆ ಬಂತು.

ನನ್ನದು ಹಾಗಾಗಲಿಲ್ಲ. ಕೊಳೆರೋಗಕ್ಕೆ ತೋಟದ ಅಡಿಕೆ ಮುಕ್ಕಾಲು ಉದುರಿದ ವರ್ಷ ಎರಡನೆಯ ಕಂತನ್ನೇ ತಪ್ಪಿಸಿದೆ. ಕಟ್ಟಿದ್ದೂ ಹೋಯಿತು. ಕಂಪನಿ ಗಟ್ಟಿಯಾಗಿಯೇ ಇತ್ತು, ಮುರಿದು ಬಿದ್ದವನು ನಾನು.

ಸಾಲ್ವೆನ್ಸಿ ಇಳಿದ ಮಾತ್ರಕ್ಕೆ ದಿವಾಳಿ ಎಂದಲ್ಲ. ಹೊಣೆಗಳನ್ನೆಲ್ಲ ಕಳೆದ ಮೇಲೂ ಕೈಯಲ್ಲಿ ಇಷ್ಟು ಹೆಚ್ಚುವರಿ ಇರಲೇಬೇಕು ಎಂದು ಕಾನೂನು ಒಂದು ಲೆಕ್ಕ ಹಾಕುತ್ತದೆ. ನಿಯಂತ್ರಕರಾದ ಐಆರ್‌ಡಿಎಐ ಅದರ ಒಂದೂವರೆ ಪಟ್ಟು ಇಡಿಸುತ್ತದೆ. ಮದಕದ ನೀರು ಗುರುತಿನ ಕಲ್ಲಿಗಿಂತ ಕೆಳಗಿಳಿದರೆ ಎಚ್ಚರವಾಗುತ್ತೇವಲ್ಲ, ಹಾಗೆ. ಇನ್ನೂ ಕೆಟ್ಟರೆ ಜೀವವಿಮಾ ಕಂಪನಿಗೆ ಆಡಳಿತಾಧಿಕಾರಿಯನ್ನು ನೇಮಿಸಬಹುದು, ಪಾಲಿಸಿಗಳನ್ನು ಬೇರೆ ಕಂಪನಿಗೆ ವರ್ಗಾಯಿಸಬಹುದು. ಮುಚ್ಚಿಸುವುದಕ್ಕೆ ನ್ಯಾಯಮಂಡಳಿಯೇ ಆಗಬೇಕು. 1938ರ ವಿಮಾ ಕಾಯ್ದೆಯ ಪ್ರಕಾರ ಜೀವವಿಮಾ ನಿಧಿ ಪಾಲಿಸಿದಾರರಿಗೇ ಭದ್ರತೆ. ಕಂಪನಿಯ ಉಳಿದ ವ್ಯವಹಾರದ ಸಾಲಕ್ಕೆ ಅದನ್ನು ಮುಟ್ಟುವಂತಿಲ್ಲ.

ಆದರೆ ಎಲ್ಲವೂ ಸಲೀಸು ಎಂದು ನಾನು ಹೇಳುವುದಿಲ್ಲ. ಸಹಾರಾ ಜೀವವಿಮೆಗೆ 2017ರಲ್ಲಿ ಆಡಳಿತಾಧಿಕಾರಿ ಬಂದರು. ಸುಮಾರು ಎರಡು ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ಒಪ್ಪಿಸುವ ಆದೇಶ ಹೊರಟದ್ದು 2023ರ ಜೂನ್‌ನಲ್ಲಿ. ಅದಕ್ಕೂ ಮೇಲ್ಮನವಿ ನ್ಯಾಯಮಂಡಳಿಯಿಂದ ತಡೆ ಬಂತು. ನಮ್ಮಂತಹ ಮುದುಕರಿಗೆ ಅಷ್ಟು ಕಾಯುವ ಪುರುಸೊತ್ತು ಎಲ್ಲಿದೆ?

‘ಕಂಪನಿ ಮುಳುಗಿದರೂ ಬ್ಯಾಂಕಿನ ಹಾಗೆ 5 ಲಕ್ಷವಾದರೂ ಸಿಗುತ್ತದಲ್ಲ’ ಎಂದೆಯಲ್ಲ, ಅದು ತಪ್ಪು ತಿಳುವಳಿಕೆ. ಅದು ಬ್ಯಾಂಕ್ ಠೇವಣಿಗೆ ಮಾತ್ರ. ಎಲ್ಐಸಿಗೆ ಅದರ ಕಾಯ್ದೆಯಲ್ಲೇ ಕೇಂದ್ರ ಸರಕಾರದ ಖಾತರಿ ಇದೆ, ಖಾಸಗಿಯವರಿಗೆ ಇಲ್ಲ. ಹಾಗಾಗಿ ಹೊಸ ಪಾಲಿಸಿ ಮಾಡುವಾಗ ಏಜೆಂಟನ ನಗುವಿಗಿಂತ ಮೊದಲು ಕಂಪನಿಯ ಸಾಲ್ವೆನ್ಸಿ ಅನುಪಾತ ನೋಡು. ಅವರ ಜಾಲತಾಣದಲ್ಲೇ ಇರುತ್ತದೆ. ಆರೋಗ್ಯವಿಮೆ ವರ್ಷವರ್ಷದ ಬಾಬತ್ತು. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ನವೀಕರಣಕ್ಕೆ ಮೊದಲೇ ಬೇರೆ ಕಂಪನಿಗೆ ಪೋರ್ಟ್ ಮಾಡಿಕೊ.

ಈ ಜೀವವಿಮೆಯನ್ನು ಮಾತ್ರ ಜೀವಂತ ಇಡು. ನಾಳೆ ಬೇರೆ ಕಂಪನಿ ಬಂದು ವಹಿಸಿಕೊಳ್ಳುವುದಾದರೂ ರದ್ದಾದ ಪಾಲಿಸಿಯಲ್ಲಿ ಅವರು ವಹಿಸಿಕೊಳ್ಳುವುದಕ್ಕೆ ಏನಿದೆ? ನಾಮಿನಿಯ ಜಾಗದಲ್ಲಿ ಇನ್ನೂ ನನ್ನ ಹೆಸರಿದ್ದರೆ ತೆಗೆಸಿ ನಿನ್ನ ಹೆಂಡತಿಯದನ್ನು ಹಾಕಿಸು. ರಸೀದಿಗಳ ಒಂದು ಪ್ರತಿ ಇಲ್ಲಿಗೆ ಕಳುಹಿಸು, ಹಲಸಿನ ಪೆಟ್ಟಿಗೆಯಲ್ಲಿ ಇಡುತ್ತೇನೆ.

ನಿನ್ನದು ತಿಂಗಳ ಕಂತು ಎಂದು ನೆನಪು. ಹಾಗಿದ್ದರೆ ಗಡುವು ಮೀರಿದ ಮೇಲೆ ಕಟ್ಟಲು 15 ದಿನ ಮಾತ್ರ ಕಾಲಾವಕಾಶ. ಈ ಕಾಗದ ನಿನಗೆ ಮುಟ್ಟುವಷ್ಟರಲ್ಲಿ ಅದರಲ್ಲಿ ಎಷ್ಟು ಕಳೆದಿರುತ್ತದೆಯೋ. ಕಟ್ಟಿದ ಮೇಲೆ ಫೋನ್ ಮಾಡು.

ಇಂತು,
ಅಜ್ಜ